ನಾಲ್ಕು ಆರಾಗುವವರೆಗೆ

ಮೇಜಿನ ಎರಡನೆಯ ಡ್ರಾಯರು ಬೆರಳಗಲ ತೆರೆದುಕೊಂಡಿತ್ತು. ಶುಕ್ರವಾರ ಸಂಜೆ ಹೊರಡುವಾಗ ಅದನ್ನು ಮೊಣಕಾಲಿನಿಂದ ಒತ್ತಿ ಮುಚ್ಚಿದ್ದು, ಒತ್ತಿದಾಗ ಒಳಗಿನ ತಗಡಿನ ಡಬ್ಬಿ ಕಿಣಿ ಎಂದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಅಥವಾ ಅದು ಗುರುವಾರವೋ ಏನೋ. ಕೈಚೀಲವನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿ, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಳ್ಳಲು ತಲೆ ಎತ್ತಿದಳು. ಎದುರು ಮೇಜಿನ ಟೈಪಿಸ್ಟು ಸೆರಗಿನ ತುದಿಯಲ್ಲಿ ಕನ್ನಡಕ ಒರೆಸಿಕೊಳ್ಳುತ್ತಿದ್ದಳು. ಕನ್ನಡಕ ತೆಗೆದವರಿಗೆ ಏನೂ ಕಾಣುವುದಿಲ್ಲವೆಂದು ನಂಬುವ ಕಾಲ ಎಂದೋ ಹೋಗಿತ್ತು. ಡ್ರಾಯರನ್ನು ಪೂರ್ತಿ ಎಳೆದಳು. ಶೀಘ್ರಲಿಪಿಯ ಪುಸ್ತಕಗಳು ಬೆನ್ನು ಮೇಲಾಗಿ ನಿಂತಿದ್ದವು, ಒಂದರಿಂದ ಹದಿನಾಲ್ಕರವರೆಗೆ, ಅಂಕಿಗಳು ಕ್ರಮವಾಗಿಯೇ ಇದ್ದವು. ಒಂಬತ್ತನೆಯದು ಮಾತ್ರ ಉಳಿದವಕ್ಕಿಂತ ಕೂದಲೆಳೆಯಷ್ಟು ಮೇಲೆದ್ದಿತ್ತೆ? ಬೆರಳಿನಿಂದ ಒತ್ತಿದಳು, ಕೂತಿತು. ಕೈ ತೆಗೆದಳು, ಮತ್ತೆ ಎದ್ದಿತು. ಅದು ಯಾವಾಗಲೂ ಹಾಗೇ ಇದ್ದಿತೋ, ಇಂದೇ ಹಾಗಾಯಿತೋ ಹೇಳಲಾಗದೆ ಹೋಯಿತು. ಈ ಕಟ್ಟಡದಲ್ಲಿ ಈಚೆಗೆ ಎಲ್ಲವೂ ಹೀಗೇ ಆಗಿತ್ತು. ಒಬ್ಬರು ಕೆಮ್ಮಿದರೆ ನೆಗಡಿಯೋ ಸನ್ನೆಯೋ ಎಂದು ಯೋಚಿಸಬೇಕಾಗಿತ್ತು.

ಅವಳು ಶಾಸನಸಭೆಯ ಅಧ್ಯಕ್ಷರ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಸ್ಟೆನೋ. ಈ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಏಳು ಜನ ಅಧ್ಯಕ್ಷರ ಗಂಟಲನ್ನು ಅವಳ ಕೈ ಕೇಳಿಸಿಕೊಂಡಿತ್ತು. ಕೇಳುವುದು ಕಿವಿಯಲ್ಲ, ಕೈ ಎಂದು ಅವಳಿಗೆ ಕಲಿಸಿದ ಮೇಷ್ಟ್ರು ಹೇಳುತ್ತಿದ್ದರು. ಕಿವಿಗೆ ಅರ್ಥ ಬೇಕಾಗುತ್ತದೆ, ಕೈಗೆ ಶಬ್ದ ಸಾಕು. ಎಂಟು ತಿಂಗಳಿಂದ ಆ ಕೈ ಒಂದೇ ಮಾತನ್ನು ಬರೆಯುತ್ತ ಬಂದಿತ್ತು. ಒಂಬತ್ತು ಸದಸ್ಯರ ಚಿಕ್ಕ ಪಕ್ಷವೊಂದರಿಂದ ನಾಲ್ವರು ಎದ್ದು ಆಡಳಿತದ ಸಾಲಿಗೆ ಹೋಗಿ ಕೂತಿದ್ದರು. ಅವರ ಸದಸ್ಯತ್ವ ರದ್ದು ಮಾಡಿ ಎಂದು ಉಳಿದ ಐವರು ಅಧ್ಯಕ್ಷರಿಗೆ ಅರ್ಜಿ ಕೊಟ್ಟಿದ್ದರು. ಒಬ್ಬಿಬ್ಬರು ಹಾರಿದರೆ ಅದು ಪಕ್ಷಾಂತರ, ಸ್ಥಾನ ಹೋಗುತ್ತದೆ. ಮೂರರಲ್ಲಿ ಎರಡು ಪಾಲು ಒಟ್ಟಿಗೆ ಹಾರಿದರೆ ಅದಕ್ಕೆ ವಿಲೀನವೆಂದು ಹೆಸರು, ಯಾರೂ ಕೂದಲು ಕೊಂಕಿಸುವಂತಿಲ್ಲ. ಒಂಬತ್ತರ ಎರಡು ಪಾಲೆಂದರೆ ಆರು. ನಾಲ್ವರು ಸಾಲದು. ಅರ್ಜಿಯನ್ನು ತೀರ್ಮಾನಿಸುವ ಅಧಿಕಾರ ಅಧ್ಯಕ್ಷರದು, ಎಷ್ಟು ದಿನದೊಳಗೆ ಎಂದು ಕಾನೂನು ಹೇಳಿರಲಿಲ್ಲ. ಆ ಹೇಳದೆ ಬಿಟ್ಟ ಜಾಗದಲ್ಲಿ ಹದಿನಾಲ್ಕು ವಿಚಾರಣೆಗಳು ನಡೆದಿದ್ದವು. 'ಅರ್ಜಿದಾರರ ಪರ ವಕೀಲರು ಕಾಲಾವಕಾಶ ಕೋರಿದ್ದರಿಂದ ವಿಚಾರಣೆಯನ್ನು ಮುಂದಿನ ದಿನಾಂಕಕ್ಕೆ ಮುಂದೂಡಲಾಗಿದೆ.' ಎಷ್ಟು ಸಲ ಬಂದಿತ್ತೆಂದರೆ ಆ ಇಡೀ ವಾಕ್ಯಕ್ಕೆ ಅವಳು ತನ್ನದೇ ಒಂದು ಕೊಕ್ಕೆಯನ್ನು ಮಾಡಿಕೊಂಡಿದ್ದಳು, ಮೀನಿನ ಗಾಳದ ಆಕಾರದ್ದು. ಅರ್ಜಿದಾರರ ವಕೀಲರು, ಸದಾ ಕೆಮ್ಮುವ ಒಬ್ಬ ಸಣಕಲ ಮನುಷ್ಯ, ಒಮ್ಮೆಯೂ ಕಾಲಾವಕಾಶ ಕೋರಿರಲಿಲ್ಲ. ಪ್ರತಿ ಸಲವೂ "ನಾನು ಸಿದ್ಧ ಇದ್ದೀನಿ ಮಾನ್ಯರೇ, ಇವತ್ತೇ ಕೇಳಿ" ಎನ್ನುತ್ತಿದ್ದರು. ಅವಳು ಅದನ್ನೂ ಬರೆಯುತ್ತಿದ್ದಳು. ಬರೆದು, ಟೈಪು ಮಾಡುವಾಗ ಅದರ ಬದಲು ಗಾಳವನ್ನು ಬಿಡಿಸಿ ಆ ಇಡೀ ವಾಕ್ಯ ಹೊಡೆಯುತ್ತಿದ್ದಳು.

ಕಾರ್ಯದರ್ಶಿಗಳು ಕರೆಯುತ್ತಿದ್ದಾರೆಂದು ಹತ್ತೂವರೆಗೆ ಫೋನು ಬಂತು. ಕಚೇರಿಯಲ್ಲಿ ಎಲ್ಲರೂ ಅವರನ್ನು ಬೆನ್ನ ಹಿಂದೆ ಪೆನ್ಸಿಲ್ ಸಾಹೇಬರು ಎನ್ನುತ್ತಿದ್ದರು. ಸಹಿ ಬಿಟ್ಟರೆ ಅವರು ಪೆನ್ನು ಮುಟ್ಟಿದ್ದನ್ನು ಕಂಡವರಿಲ್ಲ. ಕಡತದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಗೆರೆ, ಕೆಲಸ ಆದ ಮೇಲೆ ರಬ್ಬರು. "ಆ ಪುಸ್ತಕಾನೂ ತನ್ನಿ" ಎಂದರಂತೆ. ಯಾವ ಪುಸ್ತಕವೆಂದು ಹೇಳಿರಲಿಲ್ಲ, ಅವಳೂ ಕೇಳಲಿಲ್ಲ. ಒಂಬತ್ತನೆಯದನ್ನು ಎತ್ತಿಕೊಳ್ಳುವಾಗ ಎದುರು ಮೇಜಿನವಳು "ಏನಂತೆ?" ಎಂದಳು. "ಏನೋ" ಎಂದಳು ಇವಳು. ಇಬ್ಬರೂ ಹನ್ನೊಂದು ವರ್ಷ ಒಂದೇ ಡಬ್ಬಿಯಿಂದ ಮಧ್ಯಾಹ್ನದ ಊಟ ಮಾಡಿದವರು. ಈಗ ಎರಡು ತಿಂಗಳಿಂದ ಅವಳಿಗೆ ಹೊಟ್ಟೆ ಸರಿಯಿಲ್ಲ, ಇವಳಿಗೆ ಹಸಿವಿಲ್ಲ.

ಪೆನ್ಸಿಲ್ ಸಾಹೇಬರು "ಕೂತ್ಕೊಳ್ಳಿ" ಎಂದರು. ಆ ಕೋಣೆಯಲ್ಲಿ ಅವಳಿಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು, ಅದೇ ಅವಳಿಗೆ ಹೆಚ್ಚು ಭಯ ತರಿಸಿತು. ಟೀ ಬಂತು, ಬಸಿಯ ಸಮೇತ. ಅವರು ಅವಳ ಆರೋಗ್ಯ ವಿಚಾರಿಸಿದರು, ಗಂಡನ ಆರೋಗ್ಯ ವಿಚಾರಿಸಿದರು, ನಿವೃತ್ತಿಗೆ ಇನ್ನೆಷ್ಟು ವರ್ಷವೆಂದು ಕೇಳಿ ತಾವೇ "ಮೂರು" ಎಂದರು.

"ಮಗಳದು ಮುಂದಿನ ತಿಂಗಳು ಗುತ್ತಿಗೆ ನವೀಕರಣ ಅಲ್ವಾ? ನಮ್ಮ ಲೈಬ್ರರೀಲಿ ಚೆನ್ನಾಗಿ ಕೆಲಸ ಮಾಡ್ತಾಳೆ ಅಂತ ಕೇಳ್ತಾ ಇರ್ತೀನಿ."

"ಹೌದು ಸಾರ್. ಹನ್ನೊಂದು ತಿಂಗಳಿಗೊಂದ್ಸಲ."

"ಅರ್ಜಿ ತೀರ್ಮಾನ ಆಗ್ತಿಲ್ಲ ಅಂತ ಆ ಐವರು ನ್ಯಾಯಾಲಯಕ್ಕೆ ಹೋಗಿದಾರಲ್ಲ, ಅಲ್ಲಿಯವರು ನಿಮ್ಮ ಒಂಬತ್ತನೇ ಪುಸ್ತಕ ಕೇಳಿದಾರೆ. ಗುರುವಾರ. ನಿಮ್ಮ ಅಕ್ಷರ ಬೇರೆಯವರಿಗೆ ಓದಕ್ಕಾಗಲ್ಲ ನೋಡಿ, ನೀವೇ ಹೋಗಿ ಓದಬೇಕು." ಅವರು ಪುಸ್ತಕವನ್ನು ಬೆರಳ ತುದಿಯಿಂದ ತಮ್ಮ ಕಡೆ ಎಳೆದುಕೊಂಡು, ತೆರೆಯದೆ, ಪಕ್ಕದಲ್ಲಿ ಒಂದು ಹೊಸ ಪುಸ್ತಕವನ್ನು ಇಟ್ಟರು. ಅದೇ ಅಳತೆ, ಅದೇ ನೀಲಿ ರಟ್ಟು. "ಇದು ಸ್ವಲ್ಪ ಗಲೀಜಾಗಿದೆ. ಶುದ್ಧ ಪ್ರತಿ ಮಾಡ್ಬಿಡಿ."

"ಗಲೀಜೇನಿಲ್ಲ ಸಾರ್."

"ಇರಬಹುದು. ಟೈಪು ಪ್ರತೀಲಿ ಎಷ್ಟಿದೆಯೋ ಅಷ್ಟಿದ್ರೆ ಸಾಕು. ಹೆಚ್ಚೂ ಬೇಡ, ಕಡಿಮೇನೂ ಬೇಡ. ಸಾಯಂಕಾಲ ಎರಡನ್ನೂ ನನಗೆ ತಂದುಕೊಡಿ." ಅವರು ನಕ್ಕರು. "ಟೀ ಆರೋಗ್ತಿದೆ."

ಯಾವುದು ಹೆಚ್ಚು ಎಂದು ಇಬ್ಬರಿಗೂ ಗೊತ್ತಿತ್ತು. ಒಂಬತ್ತನೆಯ ವಿಚಾರಣೆಯ ದಿನ, ಮೂರು ತಿಂಗಳ ಹಿಂದೆ, ಕೆಮ್ಮುವ ವಕೀಲರು ನೀರು ಕುಡಿಯಲೆಂದು ಹೊರಗೆ ಹೋಗಿದ್ದರು. ನಾಲ್ವರ ಪರ ಬಂದಿದ್ದ ವಕೀಲರು ದಪ್ಪ ಮನುಷ್ಯ, ಒಳ್ಳೆಯ ನಗೆಯವರು, ಅವಳಿಗೆ ತಪ್ಪದೆ ನಮಸ್ಕಾರ ಹೇಳುವವರು. ಅವರು ಕುರ್ಚಿಯನ್ನು ಅಧ್ಯಕ್ಷರ ಕಡೆ ಎಳೆದುಕೊಂಡು, ಮನೆಯ ಜಗಲಿಯಲ್ಲಿ ಕೂತವರಂತೆ, "ನಾಲ್ಕು ಜನ ಆಗಲೇ ಆಚೆ ಮನೆ ಸೇರಿಯಾಗಿದೆ. ಇನ್ನಿಬ್ಬರು ಬರೋವರೆಗೆ ದಿನ ತಳ್ಳಿ ಸ್ವಾಮಿ. ಆರಾದ ಮೇಲೆ ಕಾನೂನೇ ನಮ್ಮ ಕೈ ಹಿಡಿಯುತ್ತೆ" ಎಂದಿದ್ದರು. ಅಧ್ಯಕ್ಷರು "ನೋಡೋಣ, ನೋಡೋಣ" ಎಂದಿದ್ದರು. ಅವಳ ಕೈ ಎರಡನ್ನೂ ಬರೆದುಕೊಂಡಿತ್ತು. ಕೈಗೆ ಏನು ಗೊತ್ತು, ಯಾವುದು ವಿಚಾರಣೆ, ಯಾವುದು ಹರಟೆ ಎಂದು. ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತ್ತು. ಸಣಕಲ ವಕೀಲರು ಅಲ್ಲೇ ನಿಂತಿದ್ದರು, ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರು ಅಧ್ಯಕ್ಷರನ್ನು ನೋಡಲಿಲ್ಲ, ದಪ್ಪ ವಕೀಲರನ್ನೂ ನೋಡಲಿಲ್ಲ, ಅವಳ ಪೆನ್ನನ್ನು ನೋಡಿದರು. "ಬರ್ಕೊಂಡ್ರಲ್ಲಮ್ಮಾ?" ಎಂದರು. ಅವಳು ತಲೆ ತಗ್ಗಿಸಿದಳು. ಆ ತಗ್ಗಿಸಿದ್ದನ್ನು ಅವರು ಹೌದು ಎಂದು ತೆಗೆದುಕೊಂಡಿರಬೇಕು. ಆ ಸಂಜೆ ಟೈಪಾದ ಕರಡಿನ ಮೇಲೆ ಆ ಮೂರು ಸಾಲಿನ ಪಕ್ಕ ಪೆನ್ಸಿಲಿನ ಸಣ್ಣ ಗೆರೆ ಬಂತು. ಮಾರನೆಯ ದಿನದ ಪ್ರತಿಯಲ್ಲಿ ಆ ಸಾಲುಗಳಿರಲಿಲ್ಲ. ಅವಳೇ ತೆಗೆದಿದ್ದಳು. ತೆಗೆದು, ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಒಂದಕ್ಕೊಂದು ಒಪ್ಪುವ ಹಾಗೆ ಕೂಡಿಸಿದ್ದಳು, ನಡುವೆ 'ತದನಂತರ' ಎಂಬ ಒಂದು ಪದ ಹಾಕಿ. ಎಷ್ಟು ಚೆನ್ನಾಗಿ ಕೂಡಿಕೊಂಡಿತೆಂದು ಆಗ ಒಂದು ಕ್ಷಣ ಸಂತೋಷವೂ ಆಗಿತ್ತು. ಆ ಸಂತೋಷ ಈಗ ನೆನಪಾದಾಗಲೆಲ್ಲ ಯಾರೋ ತನ್ನನ್ನು ಬಚ್ಚಲಲ್ಲಿ ಇಣುಕಿ ನೋಡಿದ ಹಾಗೆ ಮೈ ಮುದುರುತ್ತಿತ್ತು.

ಮಧ್ಯಾಹ್ನ ದಾಖಲೆ ಕೋಣೆಯ ಮೂಲೆಯ ಮೇಜಿನಲ್ಲಿ ಕೂತು ನಕಲು ಮಾಡತೊಡಗಿದಳು. ತನ್ನದೇ ಬರಹವನ್ನು ತಾನೇ ನೋಡಿ ಬರೆಯುವುದು ಇಷ್ಟು ಕಷ್ಟವೆಂದು ಅವಳಿಗೆ ತಿಳಿದಿರಲಿಲ್ಲ. ವೇಗದಲ್ಲಿ ಬರೆದದ್ದಕ್ಕೆ ಒಂದು ಓಟವಿರುತ್ತದೆ, ಗೆರೆಗಳು ಗಾಳಿಗೆ ಬಾಗಿದ ಹಾಗೆ ಬಾಗಿರುತ್ತವೆ. ನಿಧಾನಕ್ಕೆ ಬರೆದರೆ ಅವೇ ಗೆರೆಗಳು ಶಾಲೆಯ ಮಗುವಿನ ಹಾಗೆ ಕೈಕಟ್ಟಿ ನಿಲ್ಲುತ್ತವೆ. ಓಟವನ್ನು ನಟಿಸಬೇಕಾಯಿತು. ನಾಲ್ಕನೆಯ ಪುಟದಲ್ಲಿ ಹೊಡೆದುಹಾಕಿದ್ದ ಒಂದು ಪದವನ್ನು ಮತ್ತೆ ಬರೆದು ಮತ್ತೆ ಹೊಡೆದುಹಾಕಿದಳು. ತಾನು ಹಿಂದೆ ಮಾಡಿದ ತಪ್ಪನ್ನು ಈಗ ಬೇಕೆಂದೇ ಮಾಡುವುದು ಎಂಥ ಕೆಲಸ ಎನ್ನಿಸಿ ನಗು ಬಂತು, ಕಪಾಟಿನ ಆಚೆ ಯಾರೋ ಕುರ್ಚಿ ಎಳೆದದ್ದು ಕೇಳಿ ನಗು ಅಲ್ಲೇ ನಿಂತಿತು. ಆ ಸಾಲಿಗೆ ಬಂದಾಗ ಮೂರೂವರೆ ಗಂಟೆ. ಬಿಡುವುದೆಂದೇ ಅವಳು ಕೂತಿದ್ದಳು, ಅದರಲ್ಲಿ ಅನುಮಾನವಿರಲಿಲ್ಲ. ಮಗಳ ನವೀಕರಣ, ಮೂರು ವರ್ಷದ ನೌಕರಿ, ಎಲ್ಲವನ್ನೂ ಲೆಕ್ಕ ಹಾಕಿಯೇ ಕೂತಿದ್ದಳು. ಆದರೆ ಕೈ ಬಿಡಲಿಲ್ಲ. ಟೈಪು ಪ್ರತಿ ಅವರದು, ಅದರಲ್ಲಿ ಎಷ್ಟು ಸಲ ಬೇಕಾದರೂ ಬಿಟ್ಟಿದ್ದಳು. ಪುಸ್ತಕ ತನ್ನದು. ಪುಸ್ತಕದಲ್ಲಿ ಕೇಳಿದ ಶಬ್ದವನ್ನು ಬಿಟ್ಟು ಮುಂದಿನದಕ್ಕೆ ಹೋಗುವುದನ್ನು ಅವಳ ಕೈ ಕಲಿತೇ ಇರಲಿಲ್ಲ. 'ನಾಲ್ಕು ಜನ' ಎಂದು ಬರೆದದ್ದನ್ನು ನೋಡಿಯೇ ಅವಳು ಎಚ್ಚೆತ್ತದ್ದು. ಹಾಳೆ ಹರಿಯಬಹುದಿತ್ತು, ಆದರೆ ಪುಟಗಳಿಗೆ ಅಂಕಿ ಹೊಡೆದಿತ್ತು. ಹೊಡೆದುಹಾಕಬಹುದಿತ್ತು, ಹೊಡೆದುಹಾಕಿದ್ದು ಎದ್ದು ಕಾಣುತ್ತದೆ. ಆಮೇಲೆ ತಣ್ಣಗೆ ಹೊಳೆಯಿತು: ಪೆನ್ಸಿಲ್ ಸಾಹೇಬರಿಗೆ ಇದು ಓದಲು ಬರುವುದಿಲ್ಲ. ಇಡೀ ಕಟ್ಟಡದಲ್ಲಿ ಯಾರಿಗೂ ಬರುವುದಿಲ್ಲ. ಹೇಗೂ ಓದುವವಳು ತಾನೇ, ಗುರುವಾರ ಓದುವಾಗ ಬಿಟ್ಟರಾಯಿತು. ಮೂರೂ ಸಾಲುಗಳನ್ನು ಪೂರ್ತಿ ಬರೆದಳು, 'ನೋಡೋಣ, ನೋಡೋಣ' ಸಮೇತ. ಬರೆದು ಮುಗಿಸಿದಾಗ, ತಾನು ಮಾಡಿದ್ದು ಧೈರ್ಯದ ಕೆಲಸವಲ್ಲ, ಅಧ್ಯಕ್ಷರು ಎಂಟು ತಿಂಗಳಿಂದ ಮಾಡುತ್ತಿರುವುದನ್ನೇ, ಮುಂದಿನ ದಿನಾಂಕಕ್ಕೆ ತಳ್ಳಿದ್ದು ಅಷ್ಟೆ, ಎಂಬುದು ಅರ್ಥವಾಯಿತು. ಎರಡೂ ಪುಸ್ತಕ ಕೊಟ್ಟಾಗ ಪೆನ್ಸಿಲ್ ಸಾಹೇಬರು ಹಳೆಯದನ್ನು ಕಪಾಟಿಗೆ ಸೇರಿಸಿ ಬೀಗ ಹಾಕಿದರು. ಹೊಸದನ್ನು ಕೈಯಲ್ಲಿ ತೂಗಿ ನೋಡಿದರು, ತರಕಾರಿ ಕೊಳ್ಳುವವರ ಹಾಗೆ.

ಮನೆಯಲ್ಲಿ ಗಂಡ ಪತ್ರಿಕೆ ಓದುತ್ತಿದ್ದರು. ಮೂವತ್ತು ವರ್ಷ ಒಂದು ದಿನಪತ್ರಿಕೆಯಲ್ಲಿ ಕರಡು ತಿದ್ದಿ ನಿವೃತ್ತರಾದವರು, ಈಗಲೂ ಕೈಯಲ್ಲಿ ಕೆಂಪು ಪೆನ್ನು ಹಿಡಿದೇ ಓದುವುದು. ವಿಲೀನದ ವಿಷಯ ಮೊದಲ ಸಲ ಹೇಳಿದಾಗ ಅವರು, "ಒಂದು ಕಡೆ ತಪ್ಪಾದ್ರೆ ಅಚ್ಚಿನ ದೋಷ ಕಣೇ, ಎಲ್ಲಾ ಪುಟದಲ್ಲೂ ಅದೇ ತಪ್ಪಾದ್ರೆ ಅದು ಪತ್ರಿಕೆಯ ಶೈಲಿ ಅಂತಿದ್ರು ನಮ್ಮ ಸಂಪಾದಕರು" ಎಂದು ನಗಿಸಿದ್ದರು. ಅದಾದ ಮೇಲೆ ಐದು ತಿಂಗಳ ಹಿಂದೆ, ವಿಚಾರಣೆಯ ಮುಂದಿನ ದಿನಾಂಕ ಪ್ರಕಟವಾಗುವ ಮೊದಲೇ ಅವರ ಹಳೆಯ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಕಚೇರಿಯಲ್ಲಿ ಎಲ್ಲರ ಕಣ್ಣೂ ಅವಳ ಮೇಲೆ. ಆ ದಿನದಿಂದ ಅವಳು ಮನೆಯಲ್ಲಿ ಕಚೇರಿಯ ಮಾತು ಆಡಿರಲಿಲ್ಲ. ಅವರೂ ಕೇಳಿರಲಿಲ್ಲ. ಕೇಳದಿರುವುದೇ ಅವರೇ ಹೇಳಿದ್ದಕ್ಕೆ ಸಾಕ್ಷಿ ಎಂದು ಅವಳು ಒಂದು ದಿನ, ನಿರಪರಾಧಿಯಾದ್ದರಿಂದಲೇ ಕೇಳುತ್ತಿಲ್ಲವೆಂದು ಇನ್ನೊಂದು ದಿನ ಅಂದುಕೊಳ್ಳುತ್ತ ಬಂದಿದ್ದಳು. ಅವರು ಫೋನಿನಲ್ಲಿ ಮಾತಾಡುವಾಗ ಒಲೆಯ ಉರಿ ತಗ್ಗಿಸುತ್ತಿದ್ದಳು, ಸದ್ದು ಕಡಿಮೆಯಾಗಲೆಂದು. ಇವತ್ತು ಚಪ್ಪಲಿ ಬಿಡುತ್ತಲೇ ಬಾಯಿಗೆ ಬಂದುಬಿಟ್ಟಿತು.

"ರೀ, ಆ ದಿನಾಂಕದ ವಿಷಯ ಪತ್ರಿಕೆಯವರಿಗೆ ನೀವು ಹೇಳಿದ್ದಾ?"

ಅವರು ಕೆಂಪು ಪೆನ್ನಿನ ಮುಚ್ಚಳ ಹಾಕಿದರು. "ಇಲ್ಲ. ಇದು ನಿನ್ನ ಬಾಯಿಂದ ಬರಲಿ ಅಂತ ಐದು ತಿಂಗಳಿಂದ ಕಾಯ್ತಿದ್ದೆ."

"ಹಾಗಾದ್ರೆ ನೀವೇ ಯಾಕೆ ಹೇಳ್ಲಿಲ್ಲ?"

"ನೀನು ಬಡಿಸೋವಾಗ ನನ್ನ ಮುಖಾನೇ ಪ್ರೂಫ್ ನೋಡೋ ಹಾಗೆ ನೋಡ್ತಿದ್ದೆ. ಕೇಳದೇ ಇರೋದಕ್ಕೆ ಉತ್ತರ ಹೇಳೋದು ಹೇಗೆ?"

ಅವಳಿಗೆ ನಂಬಿಕೆ ಬಂತು. ಬಂದ ಬೆನ್ನಿಗೇ, ಇಷ್ಟು ಚೆನ್ನಾದ ಉತ್ತರವನ್ನು ಅವರು ಐದು ತಿಂಗಳಿಂದ ತಿದ್ದಿ ತೀಡಿ ಇಟ್ಟುಕೊಂಡಿರಬಹುದಲ್ಲ ಎಂದೂ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಕಣ್ಣಲ್ಲಿ ನೀರು ಬಂತು. ಮೂವತ್ತೊಂದು ವರ್ಷ ಸಂಸಾರ ಮಾಡಿದ ಮನುಷ್ಯನ ಮಾತನ್ನು ಹೀಗೆ ಬೆಳಕಿಗೆ ಹಿಡಿದು ನೋಡುವವಳಾಗಿ ತಾನು ಯಾವಾಗ ಬದಲಾದೆ? ಅಲ್ಲೇ ನಿಂತು ಎಲ್ಲವನ್ನೂ ಹೇಳಿದಳು, ಟೀ, ಹೊಸ ಪುಸ್ತಕ, ಕಪಾಟಿನ ಬೀಗ. ಒಳಗಿಂದ ಮಗಳು ಬಂದು ಬಾಗಿಲಿಗೆ ಒರಗಿದಳು. ನವೀಕರಣದ ಮಾತು ಬಂದಾಗ ಅವಳ ಮುಖ ಕೆಂಪಾಯಿತು.

"ಅಮ್ಮ, ನೀನೇನು ಬೇಕಾದ್ರೂ ಮಾಡು. ಆದರೆ ನನಗೋಸ್ಕರ ಮಾಡಿದೆ ಅಂತ ಮಾತ್ರ ಅನ್ನಬೇಡ. ಬಿಟ್ರೂ ನನಗೋಸ್ಕರ ಅಲ್ಲ, ಓದಿದ್ರೂ ನನಗೋಸ್ಕರ ಅಲ್ಲ."

"ಮತ್ತೆ ಕೆಲಸ ಹೋದ್ರೆ?"

"ಹೋದ್ರೆ ಬೈತೀನಿ," ಎಂದಳು ಮಗಳು. "ಚೆನ್ನಾಗೇ ಬೈತೀನಿ. ಆದರೂ."

ಮಂಗಳವಾರ ಬೆಳಿಗ್ಗೆ ಮತ್ತೆ ಕರೆ ಬಂತು. ಪೆನ್ಸಿಲ್ ಸಾಹೇಬರ ಕೋಣೆಯಲ್ಲಿ ಅವಳಿಗೆ ನಿನ್ನೆ ಸಿಕ್ಕ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿದ್ದರು. ಮೊದಲು ಕಂಡದ್ದು ಕೈ. ನಡುಬೆರಳಿನ ಪಕ್ಕದಲ್ಲಿ ಪೆನ್ನು ಒತ್ತಿ ಒತ್ತಿ ಆದ ಗಂಟು, ಅವಳದೇ ಬೆರಳಿನಲ್ಲಿ ಇದ್ದಂಥದು. ಶೀಘ್ರಲಿಪಿ ಕಲಿಸಿದ ಮೇಷ್ಟ್ರು. ಎಂಬತ್ತು ದಾಟಿರಬೇಕು, ಕುತ್ತಿಗೆ ಅಂಗಿಯ ಕಾಲರಿನೊಳಗೆ ಸಡಿಲವಾಗಿ ಆಡುತ್ತಿತ್ತು. ಅವಳ ಗೆರೆಗಳನ್ನು ಓದಬಲ್ಲವರು ಈ ಲೋಕದಲ್ಲಿ ಇನ್ನೊಬ್ಬರಿದ್ದಾರೆಂಬುದು ಅವಳಿಗೆ ನೆನಪೇ ಆಗಿರಲಿಲ್ಲ, ಪೆನ್ಸಿಲ್ ಸಾಹೇಬರಿಗೆ ನೆನಪಾಗಿತ್ತು.

"ನಿಮ್ಮ ಗುರುಗಳು. ಕಾರು ಕಳಿಸಿ ಕರೆಸಿದೆ," ಎಂದರು ಅವರು. "ಸುಮ್ಮನೆ ಒಂದು ಸಲ ಓದಿ ಹೇಳಲಿ ಅಂತ. ನಿಮ್ಮ ಮೇಲೆ ಅನುಮಾನ ಅಂತಲ್ಲ."

ಮೇಷ್ಟ್ರು ಭೂತಗನ್ನಡಿ ಹಿಡಿದು ಓದತೊಡಗಿದರು. ಅವರ ದನಿಯಲ್ಲಿ ಏರಿಳಿತವಿರಲಿಲ್ಲ, ತರಗತಿಯಲ್ಲಿ ಪಾಠ ಹೇಳಿ ಬರೆಸುವಾಗ ಇದ್ದ ಅದೇ ಸಪಾಟು ದನಿ. ಪೆನ್ಸಿಲ್ ಸಾಹೇಬರು ಟೈಪು ಪ್ರತಿಯ ಮೇಲೆ ಪೆನ್ಸಿಲು ಆಡಿಸುತ್ತ ಸಾಲು ಸಾಲಾಗಿ ಕೂಡಿಸಿ ನೋಡುತ್ತಿದ್ದರು. ಅವಳು ಗೋಡೆಯ ಪಕ್ಕ ನಿಂತಿದ್ದಳು. ಆರು, ಏಳು, ಎಂಟನೆಯ ಪುಟ. ಮುದುಕರ ಬೆರಳು ಆ ಸಾಲಿಗೆ ಬಂದದ್ದು ಅವಳಿಗೆ ಕಂಡಿತು. ಬೆರಳು ನಿಂತಿತು. "ಸ್ವಲ್ಪ ನೀರು" ಎಂದರು. ನೀರು ಬಂತು, ಕುಡಿದರು, ತುಟಿ ಒರೆಸಿಕೊಂಡರು. ಬೆರಳು ಮೂರು ಸಾಲು ಕೆಳಗಿಳಿಯಿತು. ದನಿ ಅದೇ ಸಪಾಟಿನಲ್ಲಿ ಮುಂದುವರಿಯಿತು: "ತದನಂತರ ಅರ್ಜಿದಾರರ ಪರ ವಕೀಲರು..." ಆ 'ತದನಂತರ' ಪುಸ್ತಕದಲ್ಲಿ ಇರಲೇ ಇಲ್ಲ. ಅದು ಟೈಪಿನಲ್ಲಿ ಅವಳು ಹಾಕಿದ ಪದ. ಮೇಷ್ಟ್ರಿಗೂ ಅಲ್ಲಿ ಅದೇ ಪದ ಬೇಕೆನ್ನಿಸಿತ್ತು, ಹೊಲಿಯುವ ದಾರಿ ಕಲಿಸಿದವರು ಅವರೇ ತಾನೆ. ಕೊನೆಯ ಪುಟ ಮುಗಿಸಿ ಅವರು ಭೂತಗನ್ನಡಿಯನ್ನು ಚೀಲಕ್ಕೆ ಹಾಕಿಕೊಂಡರು. "ಸರಿಯಾಗಿದೆ. ಟೈಪಿನಲ್ಲಿ ಇದ್ದ ಹಾಗೇ ಇದೆ," ಎಂದರು ಪೆನ್ಸಿಲ್ ಸಾಹೇಬರು.

ಕಾರಿನವರೆಗೆ ಕೈ ಹಿಡಿದು ನಡೆಸಿಕೊಂಡು ಹೋದಳು. ಅವರು ಕಣ್ಣು ಮಂಜಾಗಿ ಆ ಸಾಲು ಬಿಟ್ಟರೋ, ಬೇಕೆಂದೇ ಬಿಟ್ಟರೋ, ಬಿಟ್ಟು ಆಮೇಲೆ ಪೆನ್ಸಿಲ್ ಸಾಹೇಬರ ಕಿವಿಯಲ್ಲಿ ಹೇಳಲೆಂದು ಇಟ್ಟುಕೊಂಡರೋ ತಿಳಿಯಲಿಲ್ಲ. ಚಾಲಕ ಕನ್ನಡಿಯಲ್ಲಿ ನೋಡುತ್ತಿದ್ದ.

"ಮೇಷ್ಟ್ರೇ, ಕಣ್ಣು ಹೇಗಿದೆ ಈಗ?"

"ಬೇಕಾದ್ದು ಕಾಣುತ್ತೆ." ಒಳಗೆ ಕೂತು ಕಾಲು ಎಳೆದುಕೊಂಡ ಮೇಲೆ ಹೇಳಿದರು, "ನೀನಿನ್ನೂ 'ಸ್ವಾಮಿ' ಅನ್ನೋಕೆ ಕೊಕ್ಕೆ ತಲೆಕೆಳಗಾಗಿ ಹಾಕ್ತೀಯಮ್ಮ. ಆಗಲೂ ಹೇಳಿದ್ದೆ, ಕೇಳಲಿಲ್ಲ."

ಪುಸ್ತಕದಲ್ಲೆಲ್ಲ ಇದ್ದದ್ದು 'ಮಾನ್ಯರೇ'. 'ಸ್ವಾಮಿ' ಬಂದದ್ದು ಒಂದೇ ಕಡೆ, ದಪ್ಪ ವಕೀಲರ ಆ ಮಾತಿನಲ್ಲಿ. ಕಾರು ಹೋದ ಮೇಲೂ ಅವಳು ಮೆಟ್ಟಿಲ ಮೇಲೆ ನಿಂತೇ ಇದ್ದಳು. ಬಹಳ ದಿನಗಳ ಮೇಲೆ ಒಬ್ಬರು ತನ್ನ ಬೆನ್ನ ಹಿಂದೆ ಒಳ್ಳೆಯದು ಮಾಡಿದ್ದರು. ಅದನ್ನು ಹೇಗೆ ಇಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ.

ಗುರುವಾರದ ಪತ್ರಿಕೆಯಲ್ಲಿ ಆರು ಜನರ ಚಿತ್ರವಿತ್ತು. ಒಂದೇ ಸಾಲಿನಲ್ಲಿ ನಿಂತು ಕೈ ಎತ್ತಿದ್ದರು. ಉಳಿದಿದ್ದ ಐವರಲ್ಲಿ ಇಬ್ಬರು ಬುಧವಾರ ಮಧ್ಯಾಹ್ನ ದಾಟಿದ್ದರು, ಆರೂ ಜನ ಒಟ್ಟಿಗೆ ಸಭೆ ಸೇರಿ ಆಡಳಿತ ಪಕ್ಷದಲ್ಲಿ ವಿಲೀನವಾದೆವೆಂದು ಹೇಳಿಕೆ ಕೊಟ್ಟಿದ್ದರು. ಆ ಇಬ್ಬರಲ್ಲಿ ಒಬ್ಬರು ಅರ್ಜಿಗೆ ಮೊದಲ ಸಹಿ ಹಾಕಿದ್ದವರು. ಗಂಡ ಚಿತ್ರದ ಕೆಳಗೆ ಒಂದು ಕಾಗುಣಿತದ ತಪ್ಪಿಗೆ ಕೆಂಪು ಸುತ್ತು ಹಾಕಿ ಪತ್ರಿಕೆಯನ್ನು ಮಡಚಿಟ್ಟರು. ಅವಳ ಜೊತೆ ಹೊರಟರು, ನ್ಯಾಯಾಲಯದ ಹೊರಗಿನ ಬೆಂಚಿನಲ್ಲಿ ಕೂತರು.

ನ್ಯಾಯಾಲಯದ ಕೋಣೆ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ನ್ಯಾಯಮೂರ್ತಿಗಳು ಹೆಂಗಸು, ಕೂದಲು ಬಾಚಿ ಬಿಗಿಯಾಗಿ ಕಟ್ಟಿದ್ದರು. ಅವರ ಎತ್ತರದ ಮೇಜಿನ ಬುಡದಲ್ಲಿ ಒಬ್ಬ ಚಿಕ್ಕ ವಯಸ್ಸಿನ ಸ್ಟೆನೋ ಕೂತಿದ್ದಳು, ಪೆನ್ನನ್ನು ಬಹಳ ಬಿಗಿಯಾಗಿ ಹಿಡಿದು. ದಪ್ಪ ವಕೀಲರು ಎದ್ದು, ತಮ್ಮ ಕಕ್ಷಿದಾರರು ನಿನ್ನೆಯವರೆಗೆ ಪಕ್ಷ ಬಿಟ್ಟೇ ಇರಲಿಲ್ಲ, ಆಡಳಿತದ ಸಾಲಿನಲ್ಲಿ ಕೂತದ್ದು ಗಾಳಿ ಚೆನ್ನಾಗಿ ಬರುತ್ತದೆಂದು, ಬಿಟ್ಟದ್ದು ನಿನ್ನೆ, ಆರೂ ಜನ ಒಟ್ಟಿಗೆ, ಕಾನೂನಿನ ಪ್ರಕಾರ ಎಂದರು. ಒಂದಿಬ್ಬರು ನಕ್ಕರು. ಕೆಮ್ಮುವ ವಕೀಲರು ಕೆಮ್ಮಿ, ಅದಕ್ಕೇ ಆ ಪುಸ್ತಕ ಓದಿಸಬೇಕೆಂದರು.

ಅವಳು ಪ್ರಮಾಣ ಮಾಡಿ ಓದತೊಡಗಿದಳು. ತನ್ನ ದನಿ ಅಷ್ಟು ದೊಡ್ಡದೆಂದು ಅವಳಿಗೆ ಗೊತ್ತಿರಲಿಲ್ಲ. ಎರಡನೆಯ ಸಾಲಿನಲ್ಲಿ ಪೆನ್ಸಿಲ್ ಸಾಹೇಬರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಎಂಟನೆಯ ಪುಟ ಬಂತು. ಬಿಡುವುದು ಎಷ್ಟು ಸುಲಭವೆಂದು ಮೇಷ್ಟ್ರು ತೋರಿಸಿಕೊಟ್ಟಿದ್ದರು: ಒಂದು ಲೋಟ ನೀರು, ಒಂದು 'ತದನಂತರ'. ಅವಳು ಓದಿದಳು. "ನಾಲ್ಕು ಜನ ಆಗಲೇ ಆಚೆ ಮನೆ ಸೇರಿಯಾಗಿದೆ. ಇನ್ನಿಬ್ಬರು ಬರೋವರೆಗೆ ದಿನ ತಳ್ಳಿ ಸ್ವಾಮಿ. ಆರಾದ ಮೇಲೆ ಕಾನೂನೇ ನಮ್ಮ ಕೈ ಹಿಡಿಯುತ್ತೆ." ಮತ್ತೆ, "ಅಧ್ಯಕ್ಷರು: ನೋಡೋಣ, ನೋಡೋಣ." ಕೆಮ್ಮುವ ವಕೀಲರು ಕೆಮ್ಮುವುದನ್ನು ಮರೆತು ನಿಂತಿದ್ದರು.

ದಪ್ಪ ವಕೀಲರು ಎದ್ದರು. ಅವರ ಮುಖದಲ್ಲಿ ಗಾಬರಿ ಇರಲಿಲ್ಲ. ಎಂದಿನಂತೆ ಅವಳಿಗೆ ನಮಸ್ಕಾರ ಹೇಳಿದರು. "ಅಮ್ಮಾ, ಆ ಪುಸ್ತಕದ ಕೊನೇ ರಟ್ಟಿನ ಒಳಗಡೆ ಉಗ್ರಾಣದ ಮೊಹರು ಇರಬೇಕಲ್ಲ. ತಿಂಗಳು ಯಾವುದು, ಓದ್ತೀರಾ?"

ಅವಳು ತಿರುಗಿಸಿ ನೋಡಿದಳು. ಕಳೆದ ತಿಂಗಳು. ವಿಚಾರಣೆ ನಡೆದು ಎರಡು ತಿಂಗಳಾದ ಮೇಲೆ ಉಗ್ರಾಣಕ್ಕೆ ಬಂದ ಪುಸ್ತಕ. ಪೆನ್ಸಿಲ್ ಸಾಹೇಬರು ಗೊತ್ತಿಲ್ಲದೆ ಅದನ್ನು ಕೊಡುವವರಲ್ಲ. ಸಾಲು ಬಿಟ್ಟು ಓದಿದ್ದರೆ ಯಾರೂ ಮೊಹರು ನೋಡುತ್ತಿರಲಿಲ್ಲ. ಓದಿದರೆ ಪುಸ್ತಕವೇ ಸುಳ್ಳು, ಸಾಲನ್ನು ಅವಳೇ ಈಚೆಗೆ ಹುಟ್ಟಿಸಿದ್ದು. ಎರಡು ಕಡೆಯೂ ಬಾಗಿಲು ಮುಚ್ಚುವಂತೆ ಮಾಡಿಟ್ಟಿದ್ದರು. ಎಲ್ಲರನ್ನೂ ಅನುಮಾನಿಸಿದ ತಾನು ಟೀ ಕೊಟ್ಟು ಕೂರಿಸಿ ಕೈಗಿಟ್ಟ ಪುಸ್ತಕವನ್ನು ಮಾತ್ರ ತಿರುಗಿಸಿ ನೋಡಿರಲಿಲ್ಲ.

"ಇದು ಆ ದಿನ ಬರೆದದ್ದಲ್ಲ, ಅಲ್ವಾಮ್ಮ?" ಎಂದರು ದಪ್ಪ ವಕೀಲರು ಬಹಳ ಮೃದುವಾಗಿ. "ಕಣ್ತಪ್ಪಿನಿಂದ ಬೇರೆ ಪುಸ್ತಕ ತಂದಿರಬಹುದು. ನೆನಪು ತಪ್ಪೋ ವಯಸ್ಸು. ಹಾಗೆ ಹೇಳಿಬಿಡಿ, ಯಾರೂ ತಪ್ಪು ತಿಳ್ಕೊಳಲ್ಲ."

ಅದೊಂದು ಸಣ್ಣ ಕಿಂಡಿ. ಅದರಲ್ಲಿ ತೂರಿ ಮನೆಗೆ ಹೋಗಬಹುದಿತ್ತು. ಮೂರು ವರ್ಷ ಕಳೆಯಬಹುದಿತ್ತು, ಮರೆಗುಳಿ ಎನ್ನಿಸಿಕೊಂಡು. ಅಮಾನತಿನ ಆದೇಶ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು, ಎಷ್ಟೋ ಜನರದನ್ನು ಟೈಪು ಮಾಡಿದ್ದಳು. ಇದನ್ನು ಸಂಜೆಯೊಳಗೆ ಎದುರು ಮೇಜಿನವಳು ಟೈಪು ಮಾಡುತ್ತಾಳೆ, ಮಾಡುವಾಗ ಅಳುತ್ತಾಳೋ ಇಲ್ಲವೋ ಎಂಬುದನ್ನು ಮಾತ್ರ ಹೇಳಲಾಗುವುದಿಲ್ಲ.

"ಸೋಮವಾರ ಬರೆದದ್ದು," ಎಂದಳು ಅವಳು. "ಮಧ್ಯಾಹ್ನ, ದಾಖಲೆ ಕೋಣೆಯಲ್ಲಿ. ನಕಲು ಮಾಡು ಅಂತ ಕಾರ್ಯದರ್ಶಿಗಳು ಹೇಳಿದರು. ಆ ಮೂರು ಸಾಲು ಬಿಟ್ಟು ಮಾಡು ಅಂತ. ನಾನು ಬಿಡಲಿಲ್ಲ. ಮೂಲ ಪುಸ್ತಕ ಅವರ ಕಪಾಟಿನಲ್ಲಿ ಇಟ್ಟದ್ದನ್ನ ನೋಡಿದೀನಿ. ಈಗ ಇದೆಯೋ ಇಲ್ಲವೋ ಗೊತ್ತಿಲ್ಲ."

ಎರಡನೆಯ ಸಾಲಿನಲ್ಲಿ ಒಂದು ಕಾಲು ಇನ್ನೊಂದರ ಮೇಲಿಂದ ಇಳಿಯಿತು. ದಪ್ಪ ವಕೀಲರು "ನಕಲು ಅಂತ ಅವರೇ ಒಪ್ಪಿದಾರೆ, ಅಲ್ಲಿಗೆ ಮುಗೀತು" ಎಂದು ನ್ಯಾಯಮೂರ್ತಿಗಳ ಕಡೆ ತಿರುಗಿದರು. ನ್ಯಾಯಮೂರ್ತಿಗಳು ಅವರನ್ನು ನೋಡದೆ, "ಆ ಕಪಾಟು ಇವತ್ತೇ ತೆರೆಸಿ" ಎಂದು ಪಕ್ಕದ ಅಧಿಕಾರಿಗೆ ಹೇಳಿ, ಮತ್ತೆ ಅವಳ ಕಡೆ ನೋಡಿದರು. ಕಪಾಟಿನಲ್ಲಿ ಏನೂ ಸಿಗುವುದಿಲ್ಲವೆಂದು ಅವಳಿಗೆ ಖಚಿತವಿತ್ತು. ಆರು ಆರಾಗಿಯೇ ಉಳಿಯುತ್ತದೆಯೋ ಏನೋ. ಉಳಿದದ್ದು ಅವಳ ಬಾಯಿಯ ಮಾತು ಮಾತ್ರ, ಅದನ್ನೂ ಯಾರಾದರೂ ಬರೆದುಕೊಂಡರೆ.

"ಇನ್ನೇನಾದ್ರೂ ಹೇಳೋದಿದೆಯಾ?" ಎಂದು ಕೇಳಿದರು ನ್ಯಾಯಮೂರ್ತಿಗಳು.

ಕೆಳಗೆ ಕೂತ ಹುಡುಗಿ ಹಿಂದೆ ಬಿದ್ದಿದ್ದಳು. ಅವಳ ಪೆನ್ನು ಇನ್ನೂ ಕಪಾಟಿನ ಹತ್ತಿರವೇ ಓಡುತ್ತಿತ್ತು, ಕ್ಷಣಕ್ಕೊಮ್ಮೆ ಹೆದರಿದ ಕಣ್ಣನ್ನು ಮೇಲೆತ್ತುತ್ತಿದ್ದಳು. ಆ ಕಣ್ಣಿನ ಹೆದರಿಕೆ ಎಂಥದೆಂದು ಇವಳಿಗೆ ಗೊತ್ತಿತ್ತು. ಒಂದು ಪದ ತಪ್ಪಿತೆಂದರೆ ಹಿಂದಿರುಗಿ ಕೇಳುವ ಹಾಗಿರುವುದಿಲ್ಲ. ಇವಳು ಕಾದಳು. ಪೆನ್ನು ಓಡಿ ಬಂದು ನಿಂತ ಮೇಲೆ, ಆ ಹುಡುಗಿಯನ್ನೇ ನೋಡುತ್ತ, ಪ್ರತಿ ಪದಕ್ಕೂ ಗೆರೆ ಎಳೆಯುವಷ್ಟು ಬಿಡುವು ಕೊಟ್ಟು, ಯಾರೂ ಕೇಳದೆ ಇದ್ದದ್ದನ್ನು ಹೇಳಿದಳು.

"ಇದಕ್ಕೆ ಮೊದಲು, ಮೂರು ತಿಂಗಳ ಹಿಂದೆ, ಟೈಪು ಪ್ರತಿಯಲ್ಲಿ ಆ ಸಾಲು ತೆಗೆದವಳು ನಾನೇ. ಬರ್ಕೊಂಡೆಯಾಮ್ಮ?"